ದುರ್ಗಂಧದ ದೂತ

ನಮ್ಮ ಭೋಜದ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿಯೊಂದಿದೆ. ಒಲೆ ತಿರುವಿದ ಮೇಲೆ ಕಡ್ಡಿ ಗೀರುವುದು ಕೊಂಚ ತಡವಾದರೂ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ಆ ಅನಿಲದಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಹೈಡ್ರೋಜನ್ ಸಲ್ಫೈಡಿನ ಪ್ರತಾಪವದು. ಬರಿಯ ನಾತವಲ್ಲ, ಘಾತವೂ ಹೌದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 100 ಪಾಲು ಸೇರಿದರೆ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 500ನ್ನು ದಾಟಿದರೆ ಪ್ರಾಣಕ್ಕೆ ಸಂಚಕಾರ.

ಇಂಥ ವಿಷವನ್ನು ನಮ್ಮ ಶರೀರವೇ ಅನುದಿನವೂ ತಯಾರಿಸುತ್ತದೆಂದರೆ ಕಲಾ ವಿಭಾಗದ ನನ್ನ ಮಿತ್ರರು ನಕ್ಕಾರು. ಆದರೆ ಜೀವಕೋಶಗಳು ಸಂದೇಶ ಕಳುಹಿಸಲು ಅನಿಲಗಳನ್ನೂ ದೂತರನ್ನಾಗಿ ಬಳಸುತ್ತವೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುವ ದೂತನೆಂಬ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾಡ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದುರ್ಗಂಧದ ಅನಿಲವೂ ಮೆದುಳಿನಲ್ಲಿ ಇಂಥದೇ ಕಾರ್ಯ ಮಾಡೀತೆಂದು ಜಪಾನಿನ ಆಬೆ ಮತ್ತು ಕಿಮುರಾ 1996ರಲ್ಲಿಯೇ ತೋರಿಸಿದ್ದರು.

ತೊಡಕಿರುವುದು ಇಲ್ಲಿ. ಅನಿಲವನ್ನು ಕೋಶದೊಳಗೆ ಬೇಕಾದಷ್ಟೇ, ಬೇಕಾದಲ್ಲೇ ಬಿಡುವುದೆಂತು? ಬಿಟ್ಟದ್ದು ಮುಟ್ಟಿತೆಂದು ತಿಳಿಯುವುದೆಂತು? ಕಬ್ಬಿನ ಹೊಲಕ್ಕೆ ನೀರು ಹಾಯಿಸುವಾಗ ನಾವು ಸಾಲಿನ ತುದಿಗೆ ಹುಡುಗನೊಬ್ಬನನ್ನು ನಿಲ್ಲಿಸುತ್ತೇವೆ. ನೀರು ಬಂದೊಡನೆ ಅವನು ಕೂಗುತ್ತಾನೆ. ರಸಾಯನಶಾಸ್ತ್ರಜ್ಞರು ಅನಿಲವನ್ನೂ ಅಂಥ ಹುಡುಗನನ್ನೂ ಒಂದೇ ಅಣುವಿನಲ್ಲಿ ಕಟ್ಟಿಟ್ಟಿದ್ದಾರೆ. ಕಟ್ಟಿರುವ ತನಕ ಅಣುವಿನಲ್ಲಿರುವ ಬಣ್ಣದ ಪದಾರ್ಥ ಹೊಳೆಯದು. ಕೋಶದೊಳಗಿನ ಕಿಣ್ವವೋ ಹೊರಗಿನ ಬೆಳಕೋ ಕಟ್ಟನ್ನು ಬಿಚ್ಚಿದಾಗ ಅನಿಲ ಹೊರಬೀಳುತ್ತದೆ; ಬಣ್ಣವೂ ಬಿಡುಗಡೆಯಾಗಿ ಸೂಕ್ಷ್ಮದರ್ಶಕದಡಿಯಲ್ಲಿ ಹೊಳೆಯತೊಡಗುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಹೊಳಪು ಹೆಚ್ಚಿದಷ್ಟೂ ಬಿಡುಗಡೆಯಾದ ಅನಿಲ ಹೆಚ್ಚು. ನೀರು ಬಂದುದನ್ನು ಹುಡುಗ ಹೇಳಿಯಾನು, ಪೈರು ಕುಡಿದುದನ್ನು ಹೇಳಲಾರ ಎಂಬುದೂ ನಿಜವೇ.

ಇದೆಲ್ಲ ನನಗೇಕೆ ಬೇಕಾಯಿತೆಂದರೆ, ಕಳೆದ ವರ್ಷ ನಮ್ಮವ್ವನಿಗೆ ಮೂತ್ರದ ಸೋಂಕಾಯಿತು. ಎರಡು ಬಗೆಯ ಗುಳಿಗೆಗಳು ನಾಟಲಿಲ್ಲ. ಕೊನೆಗೆ ಸೂಜಿಮದ್ದಿನಿಂದ ಜ್ವರ ಇಳಿಯಿತು. ಕ್ರಿಮಿ ಔಷಧಕ್ಕೆ ಜಗ್ಗುತ್ತಿಲ್ಲವೆಂದು ವೈದ್ಯರು ಹೇಳಿದಾಗ ಅವ್ವ, “ಎಂಥಾ ಗಟ್ಟಿ ಜೀವಪ್ಪಾ ಅದು! ಕೇಳದ ನಮ್ಮೊಳಗ ಮನಿ ಮಾಡೇತಿ” ಎಂದಳು. ಜಗ್ಗದಿರಲು ಕಾರಣವೇನೆಂದು ಹುಡುಕುತ್ತ ಹೋದವನಿಗೆ ಈ ಅನಿಲ ಎದುರಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್, ಪುಣೆಯ ಐಸರ್ ಸಂಸ್ಥೆಯ ಹರಿನಾಥ ಚಕ್ರಪಾಣಿ ಹಾಗೂ ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸವದು. ಅನಿಲ ಹೊತ್ತು ತರುವ ಈ ಬಳಗದ ಅಣುವೊಂದನ್ನು ಅವರು ಬ್ಯಾಕ್ಟೀರಿಯಾದ ಕಿಣ್ವಕ್ಕೆ ಮಾತ್ರ ತೆರೆಯುವಂತೆ ಕಟ್ಟಿದರು. ಅದರಿಂದ ಹೈಡ್ರೋಜನ್ ಸಲ್ಫೈಡ್ ದೊರೆತ ಇ. ಕೋಲಿ ಕ್ರಿಮಿ ಔಷಧವನ್ನು ತಾಳಿಕೊಂಡಿತು. ಮೂತ್ರದ ಸೋಂಕಿನ ರೋಗಿಗಳಿಂದ ಪಡೆದ, ಹಲವು ಔಷಧಗಳಿಗೆ ಜಗ್ಗದ ಕ್ರಿಮಿಗಳಲ್ಲಿ ಅವುಗಳದೇ ಅನಿಲ ತಯಾರಿಕೆಯನ್ನು ತಡೆದಾಗ, ಅವು ಔಷಧಕ್ಕೆ ಬಗ್ಗಿದವು! ನಾತವೇ ಆ ಗಟ್ಟಿ ಜೀವದ ಗುರಾಣಿಯಾಗಿತ್ತು.

ಅವ್ವನಿಗೆ ಇದನ್ನು ಹೇಳಿದೆ. “ಹಂಗಾರ ಆ ನಾತ ನಿಂದ್ರಿಸಿದ್ರ ಆತಲ್ಲ?” ಎಂದಳು. ಅದೇ ಅನಿಲ ನಮ್ಮ ಕೋಶಗಳಿಗೂ ಬೇಕಲ್ಲ! ಅದಕ್ಕೆ ಕೈ ಹಚ್ಚದೆ ಕ್ರಿಮಿಯದನ್ನಷ್ಟೇ ನಿಲ್ಲಿಸುವ ಮದ್ದು ಬೇಕು. ನಿಪ್ಪಾಣಿಯ ಔಷಧದಂಗಡಿಯಲ್ಲಿ ಅಂಥದು ಇನ್ನೂ ಸಿಕ್ಕುವುದಿಲ್ಲ.