ಓಟಿಪಿ ಅಪ್ಪನ ಫೋನಿಗೆ ಬರ್ತದ

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡ ವಿಷಯ ಇದು: ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಪೋರ್ಟಲ್ ಬಳಸೋದು ಎಷ್ಟು ಸುಲಭ? ಯಾವ ವಿಶ್ವವಿದ್ಯಾಲಯ ಅಂತ ಕೇಳಬ್ಯಾಡ್ರಿ. ಪರೀಕ್ಷಾ ಶುಲ್ಕದ ಕೊನೇ ದಿನ ಎಲ್ಲಾ ಪೋರ್ಟಲ್‌ಗಳೂ ಅಣ್ಣತಮ್ಮಂದಿರೇ.

ಕಲಬುರಗಿಯ ಹಾಸ್ಟೆಲ್ ರೂಮಿನಲ್ಲಿ ಕೂತು ತಪ್ಪು ಹುಡುಕೋದು ಭಾಳ ಸುಲಭ ಇತ್ತು. ಬಣ್ಣ ಸರಿಯಿಲ್ಲ, ಅಕ್ಷರ ಸಣ್ಣದು, ಮೆನು ಉದ್ದ. ಎರಡೇ ದಿನದಲ್ಲಿ 14 ಪುಟ ಬರೆದಿಟ್ವಿ. ಗೈಡ್ ಮೇಡಂ ಓದಿ ಒಂದೇ ಮಾತು ಕೇಳಿದ್ರು: “ಇದರಾಗ ಬಳಸೋ ಮಂದಿ ಎಲ್ಲಿದ್ದಾರ?”

ಐದು ಜನ ಬಳಸೋದನ್ನು ಬಾಯಿ ಮುಚ್ಚಿಕೊಂಡು ನೋಡಿದರೆ ಬಹುಪಾಲು ತೊಡಕು ಕಾಣಿಸ್ತಾವೆ ಅಂತ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ಇಬ್ಬರು ನಗರದಲ್ಲೇ ಸಿಕ್ಕರು. ಲ್ಯಾಪ್‌ಟಾಪ್‌ನಲ್ಲಿ ಬೇಗ ಮುಗಿಸಿದರು. ಉಳಿದ ಮೂವರಿಗಾಗಿ ಕಮಲಾಪುರದ ಬಸ್ ಹತ್ತಿದ್ವಿ. ಅಲ್ಲಿನ ಕೆಂಪು ಬಾಳೆಹಣ್ಣು ತಿನ್ನೋ ನೆಪವೂ ಇತ್ತು.

ಬಿ.ಎ. ಓದೋ ಹುಡುಗಿಯೊಬ್ಬಳು ಅವತ್ತೇ ಶುಲ್ಕ ಕಟ್ಟಬೇಕಿತ್ತು, ಮರುದಿನದಿಂದ ದಂಡ. ಮೊಬೈಲಿನಲ್ಲಿ ಎಲ್ಲಾ ತುಂಬಿದಳು. ಓಟಿಪಿ ಹೋಗಿದ್ದು ಅಪ್ಪನ ಫೋನಿಗೆ. ಅಪ್ಪ ತೊಗರಿ ಹೊಲದಾಗ. ಕೀಪ್ಯಾಡ್ ಫೋನು, ಅವರು ಕರೆ ಕಟ್ ಮಾಡಿ, ಮೆಸೇಜ್ ತೆಗೆದು, ಮತ್ತೆ ಫೋನ್ ಮಾಡಿ ಅಂಕಿ ಓದೋದ್ರೊಳಗೆ ಪುಟ ಅವಳನ್ನ ಹೊರಗೆ ಹಾಕಿತ್ತು. ಮತ್ತೆ ಮೊದಲಿನಿಂದ. ಮೂರು ಸಲ ಹೀಗೇ ಆಯ್ತು. ಸಹಾಯ ಮಾಡಬಾರದು ಅನ್ನೋದು ಪರೀಕ್ಷೆಯ ನಿಯಮ. ನಾವು ಸ್ಟಾಪ್‌ವಾಚ್ ಹಿಡಿದು ಸುಮ್ನೆ ಕೂತಿದ್ವಿ. ಅವಳು ನಮ್ಮ ಕಡೆ ತಿರುಗಿ, “ನಂದೇ ತಪ್ಪಾಗ್ಲತ್ತದ ಏನ್ರಿ ಅಕ್ಕಾ?” ಅಂದಳು.

ಅಲ್ಲಿಗೆ ನಿಯಮ ಮುರಿದ್ವಿ. “ಈ ಸಲ ಮೆಸೇಜ್ ಬಂದ ಕೂಡ್ಲೆ ಅಪ್ಪಾರೇ ಫೋನ್ ಮಾಡ್ಲಿ” ಅಂತ ಮೊದಲೇ ಹೇಳಿಸಿದ್ವಿ. ನಾಲ್ಕನೇ ಸಲ ರಸೀದಿ ಬಂತು.

ಆಮೇಲೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ಹೇಳಿಕೆಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದ್ವಿ. ನೂರಕ್ಕೆ ಸುಮಾರು 68 ಬಂದರೆ ಸರಾಸರಿ. ಅವಳು ಕೊಟ್ಟಿದ್ದು 85! ಯಾಕೆ ಅಂದ್ರೆ, “ಸೈಟ್ ಛಲೋನೇ ಅದ್ರಿ, ನನಗೇ ಬರಲ್ಲ.”

ಪಕ್ಕದ ಆನ್‌ಲೈನ್ ಸೆಂಟರ್‌ನವರು ಒಂದು ನೋಟ್‌ಬುಕ್ ತೋರಿಸಿದರು. ಅದರ ತುಂಬ ವಿದ್ಯಾರ್ಥಿಗಳ ಪಾಸ್‌ವರ್ಡ್. “ನಂಬರ್ ನಂದೇ ಹಾಕ್ತೀನ್ರಿ, ಓಟಿಪಿ ಲಗೂನೆ ಸಿಗ್ತದ.” ಭದ್ರತೆಯ ಪಾಠ ಓದಿದ ನಮಗೆ ಎದೆ ಧಸಕ್ಕೆಂದಿತು. ಆದರೆ ಆ ಪುಸ್ತಕ ಇಲ್ಲದಿದ್ರೆ ಎಷ್ಟು ಜನ ಪರೀಕ್ಷೆಗೆ ಕೂರ್ತಿದ್ರೋ?

ಆ 14 ಪುಟಗಳನ್ನು ತೆಗೆದುಹಾಕಿದ್ವಿ. ಹೊಸ ವರದಿಯ ಮೊದಲ ಸಲಹೆ: ಓಟಿಪಿಗೆ ಸಮಯ ಹೆಚ್ಚಿಸಿ, ಸಮಯ ಮುಗಿದರೂ ತುಂಬಿದ್ದನ್ನು ಅಳಿಸಬೇಡಿ. ಎರಡನೆಯದು: ತಪ್ಪು ಯಾರದು ಅಂತ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳಿಗೆ ನೆನಪಾಯ್ತು: ನಮ್ಮ ಫೆಸ್ಟ್‌ನ ನೋಂದಣಿ ಪುಟದಲ್ಲಿ ಓಟಿಪಿಗೆ ಕೊಟ್ಟಿದ್ದು ಒಂದೇ ನಿಮಿಷ. ಆ ಕೋಡ್ ಬರೆದವರು ನಾವೇ. ಕಲಬುರಗಿ ಬರೋದ್ರೊಳಗೆ ಅದನ್ನು 10 ನಿಮಿಷ ಮಾಡಿದ್ವಿ.