ಪರದೇಶದ ಸಖಿಯರು

ಪರದೇಶೀಯರ ಸ್ನೇಹವು ದೊರೆಯಬೇಕಾದರೆ ಸಮುದ್ರವನ್ನು ದಾಟಬೇಕೆಂಬುದು ನಮ್ಮ ಕಡೆಯ ಜನರ ಸಾಮಾನ್ಯವಾದ ಎಣಿಕೆ. ಸೇಡಮಿನಲ್ಲಿ ರೈಲುಗಾಡಿಯನ್ನು ಹತ್ತಿದರೂ ಸಾಕೆಂಬುದನ್ನು ನಾವಿಬ್ಬರು ಸಹಪಾಠಿಗಳು ಅನುಭವದಿಂದ ಬಲ್ಲೆವು. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಆ ವಿಷಯವನ್ನೇ ಬರೆಯಬೇಕೆಂದು ಕೇಳಿದ್ದರಿಂದ, ಹಳೆಯ ವಿದ್ಯಾರ್ಥಿನಿ ಸೋದರಿಯರಿಗೂ, ಹೆಣ್ಣುಮಕ್ಕಳನ್ನು ದೂರದೂರಿಗೆ ಕಳುಹಿಸಲು ಅನುಮಾನಿಸುವ ತಾಯಿತಂದೆಗಳಿಗೂ ಇದನ್ನು ಅರಿಕೆಮಾಡುತ್ತೇವೆ.

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ರೈಲುಹಾದಿಯು 1874ರಲ್ಲಿ, ನಿಜಾಮರ ಆಳಿಕೆಯಲ್ಲಿ, ತೆರೆದುದು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳನ್ನು ಹಾಯ್ದು ಅದು ಮೂಡಲಿಗೆ ಸಾಗುವುದು. ಶಹಾಬಾದಿನವರು ವಾಡಿಗೆ ಬಂದು ಈ ಹಾದಿಯನ್ನು ಹಿಡಿಯುವರು. ಚಿಂಚೋಳಿಯವರಿಗೆ ಮಾತ್ರ ಊರಲ್ಲಿ ರೈಲಿಲ್ಲ, ಬಸ್ಸಿನಲ್ಲಿ ತಾಂಡೂರಿಗೆ ಬರಬೇಕು. ನಮ್ಮ ಬೋರ್ಡಿಂಗಿನಲ್ಲಿ ಈ ಊರುಗಳ ಹುಡುಗಿಯರಿದ್ದೆವು. 1956ರಲ್ಲಿ ನಮ್ಮ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ನಮ್ಮ ಹಿರಿಯರಿಗೆ ‘ಶಹರ’ ಎಂದರೆ ಹೈದರಾಬಾದೇ ಆಗಿತ್ತು. ಆದ್ದರಿಂದ 2011ರಲ್ಲಿ ಇಂಗ್ಲಿಷ್ ಬೋಧನೆಯ ತರಬೇತಿಗಾಗಿ ನಾವು ಅಲ್ಲಿಗೆ ಹೊರಟಾಗ ಮನೆಯಲ್ಲಿ ಕಣ್ಣೀರು ಬಂದರೂ ತಡೆ ಬರಲಿಲ್ಲ.

ನಾವು ಸೇರಿದ ಸಂಸ್ಥೆಯು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೆಂದು ಸ್ಥಾಪಿತವಾದುದು. ಅದರ ಆರಂಭದ ವರುಷಗಳಲ್ಲಿ ನಿರ್ದೇಶಕರಾಗಿದ್ದವರು ಸವಣೂರಿನಲ್ಲಿ ಹುಟ್ಟಿದ ನಮ್ಮ ಕವಿ ವಿನಾಯಕ ಕೃಷ್ಣ ಗೋಕಾಕರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1972ರಲ್ಲಿ ಅದರ ಹೆಸರಿಗೆ ವಿದೇಶೀ ಭಾಷೆಗಳೂ ಸೇರಿಕೊಂಡವು. 2007ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಭಾರತ ಸರಕಾರವು 1964ರಲ್ಲಿ ಪ್ರಾರಂಭಿಸಿದ ತಾಂತ್ರಿಕ ಸಹಕಾರ ಯೋಜನೆಯ ಮೂಲಕ ಏಷ್ಯಾ ಆಫ್ರಿಕಾ ಖಂಡಗಳ ಉಪಾಧ್ಯಾಯರು ಇಲ್ಲಿಗೆ ಕೆಲವು ತಿಂಗಳ ಮಟ್ಟಿಗೆ ಇಂಗ್ಲಿಷ್ ಕಲಿಯಲೂ ಕಲಿಸುವುದನ್ನು ಕಲಿಯಲೂ ಬರುವರು. ಅವರ ತರಗತಿಗಳು ಬೇರೆ. ಆದರೆ ಪುಸ್ತಕ ಭಂಡಾರ ಒಂದೇ, ಚಹಾದ ಅಂಗಡಿಯೂ ಒಂದೇ. ಸ್ನೇಹವು ಬೆಳೆದುದು ಹೆಚ್ಚಾಗಿ ಈ ಎರಡನೆಯ ಸ್ಥಳದಲ್ಲಿ.

ಇಥಿಯೋಪಿಯದವರು, ಮಂಗೋಲಿಯದವರು ಮುಂತಾಗಿ ಹಲವರ ಪರಿಚಯವಾಯಿತು. ಅವರೆಲ್ಲರ ವಿಚಾರ ಬರೆಯಹೋದರೆ ಸಂಚಿಕೆಯೇ ಸಾಲದು. ಮನಸ್ಸಿಗೆ ಹತ್ತಿದವರು ಇಬ್ಬರು: ವಿಯೆಟ್ನಾಮಿನ ಒಬ್ಬಾಕೆ, ಕಾಬೂಲಿನ ಒಬ್ಬಾಕೆ. ಅವರ ಹೆಸರುಗಳನ್ನು ಇಲ್ಲಿ ಬರೆಯದಿರುವುದಕ್ಕೆ ಕಾರಣವು ಮುಂದೆ ತಾನಾಗಿ ತಿಳಿಯುವುದು.

ನಾಲ್ವರೂ ಉಪಾಧ್ಯಾಯಿನಿಯರು, ನಾಲ್ವರಿಗೂ ಇಂಗ್ಲಿಷ್ ಎರವಲು ನುಡಿ. ವಿಯೆಟ್ನಾಮಿನಾಕೆಯು ಶಬ್ದದ ಕೊನೆಯ ವ್ಯಂಜನವನ್ನು ನುಂಗಿಬಿಡುವಳು. ನಾವು ಅದೇ ವ್ಯಂಜನಕ್ಕೆ ಒಂದು ಉಕಾರವನ್ನು ಉಡುಗೊರೆಯಾಗಿ ಕೊಡುವೆವು. ಆಕೆಗೆ ‘ಬಸ್’ ಎಂಬುದು ‘ಬ’ ಎಂದಾದರೆ ನಮಗೆ ‘ಬಸ್ಸು’. ಇದಲ್ಲದೆ ಶಬ್ದದ ಮೊದಲಲ್ಲಿ ಯಕಾರ ವಕಾರಗಳನ್ನು ಅಂಟಿಸುವ ಕನ್ನಡದ ಅಭ್ಯಾಸವೂ ನಮ್ಮಲ್ಲಿ ಬಲವಾಗಿತ್ತು. ಬೆಳಗಿನ ಉಪಾಹಾರದಲ್ಲಿ ನಾವು ಕೋಳಿಮೊಟ್ಟೆಯನ್ನು ‘ಯೆಗ್ಗು’ ಎಂದು ಕರೆದಾಗ ಕಾಬೂಲಿನ ಸಖಿಯು ಚಮಚವನ್ನು ಕೆಳಗಿಟ್ಟು ನಗುವಳು. ಆಕೆಯೋ ‘ಸ್ಕೂಲ್’ ಎನ್ನಲಾರಳು, ‘ಇಸ್ಕೂಲ್’ ಎನ್ನುವಳು. ಅದು ಪಾರಸೀ ನುಡಿಯವರ ರೂಢಿ. ಶಹಾಬಾದಿನ ನಮ್ಮ ಉರ್ದು ಮಾತಿನ ಗೆಳತಿಯರೂ ಬೋರ್ಡಿಂಗಿನಲ್ಲಿ ಹೀಗೆಯೇ ಹೇಳುತ್ತಿದ್ದುದರಿಂದ ಆ ‘ಇಸ್ಕೂಲು’ ನಮಗೆ ತವರಿನ ದನಿಯಾಗಿ ಕೇಳಿಸಿತು.

ಉಚ್ಚಾರಣೆಯ ಪಾಠಗಳಲ್ಲಿ ನಾವು ಬಹಳ ಶ್ರಮಪಟ್ಟೆವು, ಅದರಿಂದ ಪ್ರಯೋಜನವೂ ಆಯಿತು. ಆದರೂ ಸತ್ಯವೇದದ ನ್ಯಾಯಸ್ಥಾಪಕರ ಗ್ರಂಥದಲ್ಲಿ, ‘ಷಿಬ್ಬೋಲೆತ್’ ಎನ್ನಲಾರದೆ ‘ಸಿಬ್ಬೋಲೆತ್’ ಎಂದವರು ಯೊರ್ದನ್ ಹೊಳೆಯ ದಾಟುಗಳಲ್ಲಿ ಪ್ರಾಣ ನೀಗಿದ ಕಥೆಯು ನೆನಪಿಗೆ ಬರುತ್ತಿತ್ತು. ಮಕ್ಕಳ ಬಾಯಲ್ಲಿ ಆಂಗ್ಲರ ದನಿಯೇ ಹೊರಡಬೇಕೆಂದು ಹಟಹಿಡಿಯುವ ತಾಯಿತಂದೆಗಳು ಇಂದಿಗೂ ಇರುವರು. ನಾಲ್ಕು ಬಗೆಯ ಇಂಗ್ಲಿಷಿನಲ್ಲಿ ರಾತ್ರಿ ಹತ್ತರ ವರೆಗೆ ಹರಟಿದ ನಮಗೆ, ಅರ್ಥವು ಕೆಡದಿದ್ದರೆ ದನಿಯ ವಿಷಯದಲ್ಲಿ ಔದಾರ್ಯವನ್ನು ತೋರಿಸಬೇಕೆಂದೇ ತೋರುತ್ತದೆ. ಬರವಣಿಗೆಯ ತಪ್ಪುಗಳಿಗೆ ಈ ಔದಾರ್ಯವು ಸಲ್ಲದೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು!

ಒಂದು ಸಂಜೆ ನಾವಿಬ್ಬರೂ ನಮ್ಮ ಸೀಮೆಯ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಕಾಬೂಲಿನಾಕೆಯು ಕಿವಿಗೊಟ್ಟು ಕೇಳಿ, ‘ದರ್ವಾಜ, ಕಾಗದ, ಜಮೀನು, ಬಾಜಾರ — ಇವು ನಮ್ಮ ಮಾತುಗಳು, ನಿಮಗೆ ಹೇಗೆ ಬಂದವು?’ ಎಂದು ಬೆರಗಾದಳು. ಕಲಬುರಗಿಯ ಕಡೆ ಶತಮಾನಗಳ ಕಾಲ ಬಹಮನಿಗಳು, ಆಮೇಲೆ ನಿಜಾಮರು ಆಳಿದುದನ್ನೂ, ಕಚೇರಿಯ ಭಾಷೆಯು ಪಾರಸಿಯಾಗಿ ಬಳಿಕ ಉರ್ದುವಾದುದನ್ನೂ ವಿವರಿಸಿದೆವು. ‘ವಾಡಿ’ ಎಂದರೆ ಆಕೆಯ ನುಡಿಯಲ್ಲಿ ಕಣಿವೆಯಂತೆ. ಯಾವ ಬೆಟ್ಟಗಳ ನಡುವಣ ಕಣಿವೆಯೆಂದು ಕೇಳಿದಳು. ಬೆಟ್ಟವೇ ಇಲ್ಲ, ಬರೇ ಹಾಸುಗಲ್ಲು ಎಂದೆವು. ಗೆಳೆತನಕ್ಕೆ ನೀವು ಏನೆನ್ನುವಿರೆಂದು ಕೇಳಿದ್ದಕ್ಕೆ ನಾವು ‘ದೋಸ್ತಿ’ ಎಂದೆವು. ಆಕೆಯ ನುಡಿಯಲ್ಲಿಯೂ ಅದೇ ಶಬ್ದ.

ಮರುತಿಂಗಳು ಇಬ್ಬರನ್ನೂ ಚಿತ್ತಾಪುರದ ಮನೆಗೆ ಕರೆದುಕೊಂಡು ಬಂದೆವು. ಪರದೇಶದವರು ಏನು ಉಣ್ಣುವರೋ, ಎಲ್ಲಿ ಮಲಗುವರೋ, ಓಣಿಯ ಜನ ಏನೆನ್ನುವರೋ ಎಂದು ಅಪ್ಪನವರಿಗೆ ಬಹಳ ಚಿಂತೆಯಾಗಿತ್ತು. ಅವ್ವ ಮಾತ್ರ, ‘ಬಾರವ್ವ, ಒಳಗ ಬಾ’ ಎಂದು ಕೈಹಿಡಿದು ಕುಳ್ಳಿರಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳನ್ನು ಬಡಿಸಿದಳು. ರೊಟ್ಟಿಯನ್ನು ಮುರಿದು ತಿನ್ನುವುದು ಕಾಬೂಲಿನವಳಿಗೆ ಹೊಸದಲ್ಲ. ಅನ್ನದ ನಾಡಿನವಳು ಮಾತ್ರ ಸ್ವಲ್ಪ ಕಷ್ಟಪಟ್ಟಳು. ಪುಂಡಿಯ ಹುಳಿಯನ್ನು ಬಾಯಿಚಪ್ಪರಿಸಿ ಮೆಚ್ಚಿದಳು.

ಊಟವಾದ ಮೇಲೆ ಅಪ್ಪನವರು ಏನೋ ಯೋಚಿಸಿ, ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದವನ್ನು ತಂದರು. ಅಜ್ಜನ ಕಾಲದ ಉರ್ದು ಬರಹ. ಹೊಲದ ದೊಡ್ಡ ದಸ್ತಾವೇಜೆಂದು ಮೂರು ತಲೆಮಾರು ಕಾಪಾಡಿದ್ದರು. ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕಾಬೂಲಿನ ಸಖಿಯು ಅದನ್ನು ಬೆಳಕಿಗೆ ಹಿಡಿದು, ಅರ್ಧ ತಾಸು ಅಕ್ಷರಗಳೊಡನೆ ಹೆಣಗಿ, ಫಸಲಿ 1347 ಎಂದು ವರುಷವನ್ನು ಬಿಡಿಸಿದಳು, ಅಂದರೆ 1937-38. ಕಡೆಗೆ ತಿಳಿದುಬಂದುದೇನೆಂದರೆ, ಅದು ಕೆಲವು ಹಾಲಿಸಿಕ್ಕಾ ರೂಪಾಯಿಗಳ ಕಂದಾಯವನ್ನು ಕಟ್ಟಿದ ರಸೀದಿ, ಅಷ್ಟೇ! ಅಪ್ಪನವರು ಗಟ್ಟಿಯಾಗಿ ನಕ್ಕುದನ್ನು ನಾವು ಬಹಳ ದಿನಗಳ ಮೇಲೆ ಕೇಳಿದೆವು. ಅಜ್ಜನ ಹೆಸರನ್ನು ಮತ್ತೊಮ್ಮೆ ಓದಿಸಿದರು, ಮಗುದೊಮ್ಮೆ ಓದಿಸಿದರು. ಓಣಿಯ ಜನ ಏನೆನ್ನುವರೆಂಬ ಮಾತು ಆ ಮೇಲೆ ಬರಲಿಲ್ಲ.

ಮರುದಿನ ನಾಗಾವಿಗೆ ಹೋದೆವು. ಚಿತ್ತಾಪುರದ ಬಳಿಯ ಈ ಹಾಳೂರು ಒಂದು ಕಾಲಕ್ಕೆ ದೊಡ್ಡ ವಿದ್ಯಾಸ್ಥಾನ. 1058ರ ಶಾಸನದಲ್ಲಿ ಅಲ್ಲಿಯ ಘಟಿಕಾಸ್ಥಾನದ ಅಧ್ಯಾಪಕರು, ವಿದ್ಯಾರ್ಥಿಗಳು, ಪುಸ್ತಕಗಳನ್ನು ಕಾಯುವ ಸರಸ್ವತೀ ಭಂಡಾರಿಗರು — ಎಲ್ಲರಿಗೂ ದತ್ತಿಯನ್ನು ಬಿಟ್ಟ ವಿವರವಿದೆ. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತಾಗ ಕಾಬೂಲಿನವಳು, ‘ಇಲ್ಲಿ ಹುಡುಗಿಯರು ಓದುತ್ತಿದ್ದರೇ?’ ಎಂದು ಕೇಳಿದಳು. ಬಳಿಕ ತನ್ನ ಸಂಗತಿಯನ್ನು ಮೊದಲ ಸಲ ಹೇಳಿದಳು. 1996ರಲ್ಲಿ ತಾಲಿಬಾನರು ಕಾಬೂಲನ್ನು ಹಿಡಿದಾಗ ಆಕೆಗೆ ಹನ್ನೆರಡು ವರುಷ. ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು. ನೆರೆಮನೆಯ ಒಬ್ಬ ಉಪಾಧ್ಯಾಯಿನಿಯು ಹೊಲಿಗೆ ಕಲಿಸುವ ನೆವದಿಂದ ಏಳು ಹುಡುಗಿಯರನ್ನು ಕೂಡಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಇಂಗ್ಲಿಷ್ ಗಣಿತಗಳನ್ನು ಕಲಿಸಿದಳಂತೆ. ಐದು ವರುಷ ಹೀಗೆ ನಡೆಯಿತಂತೆ. ಆಕೆಯ ಇಂಗ್ಲಿಷು ಏಕೆ ಅಷ್ಟು ಮೆಲುದನಿಯದೆಂಬುದು ನಮಗೆ ಆಗ ಅರಿವಾಯಿತು. ಪಿಸುಮಾತಿನಲ್ಲಿ ಕಲಿತ ಭಾಷೆಯದು.

ಆಕೆಯ ಪ್ರಶ್ನೆಗೆ ಉತ್ತರವಾಗಿ ಇಬ್ಬರನ್ನೂ ನಾವು ಇದೇ ನಮ್ಮ ಶಾಲೆಗೆ ಕರೆತಂದೆವು. ಒಂಬತ್ತನೆಯ ತರಗತಿಯಲ್ಲಿ ಆಕೆ ಒಂದು ಪಾಠ ಮಾಡಿದಳು. ಹಲಗೆಯ ಮೇಲೆ ಬಲದಿಂದ ಎಡಕ್ಕೆ ‘ಮಕ್ತಬ್’ ಎಂದು ಬರೆದು ಅದು ತಮ್ಮಲ್ಲಿ ಶಾಲೆಯ ಹೆಸರೆಂದಳು. ಅಂದು ಆ ತರಗತಿಯಲ್ಲಿದ್ದ ಸೋದರಿಯರು ಈಗ ಮಕ್ಕಳ ತಾಯಂದಿರಾಗಿರುವರು. ಅವರಿಗೆ ಇದು ನೆನಪಿದ್ದೀತು.

ತರಬೇತಿ ಮುಗಿದು ಎಲ್ಲರೂ ಚದುರಿದೆವು. ವಿಯೆಟ್ನಾಮಿನ ಸಖಿಯು ವರುಷಕ್ಕೊಮ್ಮೆ ಕ್ರಿಸ್ಮಸ್ಸಿನ ಶುಭಾಶಯವನ್ನೂ ತನ್ನ ಮಗಳ ಚಿತ್ರವನ್ನೂ ಕಳುಹಿಸುವಳು. ಕಾಬೂಲಿನವಳು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. 2021ರ ಆಗಸ್ಟ್ 15ರಂದು, ನಾವು ಶಾಲೆಯ ಅಂಗಳದಲ್ಲಿ ಧ್ವಜವಂದನೆ ಮಾಡಿ ಮನೆಗೆ ಬಂದ ದಿನವೇ, ಕಾಬೂಲು ಮತ್ತೆ ತಾಲಿಬಾನರ ವಶವಾಯಿತು. ಸೆಪ್ಟೆಂಬರಿನಲ್ಲಿ ಗಂಡುಮಕ್ಕಳ ಪ್ರೌಢಶಾಲೆಗಳು ತೆರೆದವು, ಹೆಣ್ಣುಮಕ್ಕಳವು ತೆರೆಯಲಿಲ್ಲ. 2022ರ ಮಾರ್ಚಿಯಲ್ಲಿ ತೆರೆಯುವೆವೆಂದು ಸಾರಿ, ಹುಡುಗಿಯರು ಪುಸ್ತಕ ಹಿಡಿದು ಬಂದ ಬೆಳಗಿನಲ್ಲಿಯೇ ಹಿಂದಕ್ಕೆ ಕಳುಹಿಸಿದರು. ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳೂ ಅವರಿಗೆ ಮುಚ್ಚಿದವು.

ಹಲವು ತಿಂಗಳು ಆಕೆಯಿಂದ ಒಂದು ಅಕ್ಷರವೂ ಬರಲಿಲ್ಲ. ಬೋರ್ಡಿಂಗಿನ ಸಂಧ್ಯಾಪ್ರಾರ್ಥನೆಯಲ್ಲಿ ನಮ್ಮ ಹುಡುಗಿಯರು, ತಾವು ಕಂಡರಿಯದ ಆಕೆಯನ್ನು ನೆನೆಯುತ್ತಿದ್ದರು. ಆಮೇಲೆ ಒಂದು ದಿನ ಬೇರೊಂದು ನಂಬರಿನಿಂದ ಸಂದೇಶ ಬಂತು: ‘ಹೊಲಿಗೆ ಕಲಿಸುತ್ತಿದ್ದೇನೆ. ಒಂಬತ್ತು ಮಂದಿ.’ ಹೆಚ್ಚಿಗೆ ಬರೆದಿರಲಿಲ್ಲ, ನಾವು ಕೇಳಲೂ ಇಲ್ಲ.

ಅಂದಿನಿಂದ ನಾವು ಇಂಗ್ಲಿಷ್ ಪಾಠಗಳನ್ನು ಗಟ್ಟಿಯಾಗಿ ಓದಿ, ದನಿಯನ್ನು ಮುದ್ರಿಸಿ ಕಳುಹಿಸುತ್ತಿದ್ದೇವೆ. ಕಾಬೂಲಿನ ಗಡಿಯಾರವು ನಮ್ಮದಕ್ಕಿಂತ ಒಂದು ತಾಸು ಹಿಂದೆ. ಇಲ್ಲಿ ಶಾಲೆ ಬಿಟ್ಟ ಹೊತ್ತಿಗೆ ಅಲ್ಲಿ ಹೊಲಿಗೆಯು ನಡೆದಿರುವುದು. ಈ ಸಲ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರೇ, ಸೇಡಮಿನವಳೊಬ್ಬಳು ಚಿಂಚೋಳಿಯವಳೊಬ್ಬಳು, ಕೋಳಿ ಸಾಕುವ ಮುದುಕಿಯ ಪಾಠವನ್ನು ಓದಿದರು. ಐದು ದಿನ ಉತ್ತರವಿರಲಿಲ್ಲ. ಆರನೆಯ ದಿನ ಬಂತು. ಮಕ್ಕಳು ಚೆನ್ನಾಗಿ ಓದಿರುವರೆಂದೂ, ತನ್ನ ಒಂಬತ್ತು ಮಂದಿಯೂ ಪಾಠವನ್ನು ಬಾಯಿಪಾಠ ಮಾಡಿರುವರೆಂದೂ, ಆದರೆ ಅವರೆಲ್ಲರೂ ಈಗ ‘ಯೆಗ್ಗು’ ಎನ್ನುತ್ತಿರುವರೆಂದೂ ಆಕೆ ಬರೆದಿದ್ದಳು.