ಮುಂದಿನ ಗಾಲಿಯ ಬೇರಿಂಗು

ಹುಮನಾಬಾದಿನ ನಮ್ಮ ಕಾಕಾನ ಹತ್ತಿರ ಇನ್ನೂ ಒಂದು ಟಾಟಾ-ಮರ್ಸಿಡಿಸ್ ಬೆಂಜ್ ಲಾರಿ ಇದೆ. ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರವರೆಗೆ ನಡೆಯಿತು. ಲಾರಿ ಆ ಕಾಲದ್ದು. ಹೋದ ತಿಂಗಳು ಎಡಗಡೆಯ ಮುಂದಿನ ಗಾಲಿ ಗುಂಯ್ ಅನ್ನತೊಡಗಿತು. ಮಾರಿಬಿಡಿ ಎಂದು ಮನೆಯವರೆಲ್ಲ ಹಟ ಹಿಡಿದರು. ಕಾಕಾ ಅದನ್ನು ಹೈದರಾಬಾದಿನ ಆಟೋನಗರಕ್ಕೆ ತಂದ. ಆಫೀಸಿಗೆ ರಜೆ ಹಾಕಿ ನಾನೂ ಹೋದೆ.

ಮಿಸ್ತ್ರಿ ಜಾಕ್ ಕೊಟ್ಟು, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಬ್ರೇಕ್ ಒತ್ತಿಸಿದಾಗ ಅಲುಗಾಟ ನಿಂತಿತು. ಅಂದರೆ ತೊಂದರೆ ಕಿಂಗ್ ಪಿನ್ನಿನಲ್ಲಲ್ಲ, ಬೇರಿಂಗಿನಲ್ಲಿ. ಹಬ್ ಬಿಚ್ಚಿದರೆ ಗ್ರೀಸು ಕರಿದಾಗಿತ್ತು, ರೋಲರುಗಳು ಕಾದು ನೀಲಿಗಟ್ಟಿದ್ದವು.

ಹೆನ್ರಿ ಟಿಮ್ಕನ್ 1898ರಲ್ಲಿ ಪೇಟೆಂಟ್ ಪಡೆದ ಓರೆ ರೋಲರಿನ ಬೇರಿಂಗಿನ ಜಾತಿಯೇ ಇದು. ಲೋಡನ್ನೂ ಹೊರುತ್ತದೆ, ತಿರುವಿನಲ್ಲಿ ಬರುವ ಪಕ್ಕದ ಒತ್ತಡವನ್ನೂ ತಡೆಯುತ್ತದೆ. ಆದರೆ ನಟ್ ತೀರ ಬಿಗಿಯಾದರೆ ಸುಡುತ್ತದೆ; ತೀರ ಸಡಿಲಾದರೆ ಒಡೆದು ಗಾಲಿಯೇ ಕಳಚಬಹುದು.

ಮಿಸ್ತ್ರಿ ಹೊಸ ಬೇರಿಂಗುಗಳನ್ನು ಕಪ್ ಸಮೇತ ಕೂಡಿಸಿದರು. ಅಂಗೈಯಲ್ಲಿ ಗ್ರೀಸು ಹಿಡಿದು ರೋಲರುಗಳ ಸಂದಿಗೆ ಒತ್ತಿ ತುಂಬಿದರು. ಸೀಲು ಬದಲಾಯಿಸಿ, ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ತುಸು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿದರು.

ಕಾಕಾ ಜಹೀರಾಬಾದಿನಲ್ಲಿ ಲಾರಿ ನಿಲ್ಲಿಸಿ, ಹಬ್ಬಿನ ಮೇಲೆ ಕೈಯಿಟ್ಟು ನೋಡಿ ಫೋನ್ ಮಾಡಿದ: "ಬೆಚ್ಚಗದ, ಸುಡ್ತಿಲ್ಲ. ಈ ವರ್ಷ ಮಾರೂದಿಲ್ಲಂತ ಮನ್ಯಾಗ ನೀನೇ ಹೇಳು."